ಮಾವನ ಕೋವಿಗೆ ನಾನು ಕೊರೆದ ಚೇಂಬರ್

ನಾಚಿಕೆಯ ವಿಷಯವನ್ನು ನಾವಾಗಿಯೇ ಹೇಳಿಕೊಂಡರೆ ಅರ್ಧ ಹಗುರವಾಗುತ್ತದಂತೆ. ಉಳಿದರ್ಧವನ್ನು ನನ್ನ ಹೆಂಡತಿ ಸಿಕ್ಕಸಿಕ್ಕವರಿಗೆಲ್ಲ ಹೇಳಿ ಮುಗಿಸಿದ್ದಾಳೆ. ನನ್ನ ಪಾಲಿನದನ್ನು ನಿಮ್ಮ ಮುಂದೆ ಇಡುತ್ತೇನೆ.

ನಾನು ಕೋವಿ ರಿಪೇರಿಯವನು. ಮನೆಯ ಮುಂದಿನ ಕೋಣೆಯೇ ನನ್ನ ಕಾರ್ಖಾನೆ. ಇಂಥವನಿಗೆ ಗುರಿ ಬರುವುದಿಲ್ಲ ಎಂದರೆ ಈಜು ಕಲಿಸುವವನಿಗೆ ನೀರು ಕಂಡರೆ ಭಯ ಎಂದ ಹಾಗೆ. ಆದ್ದರಿಂದ ನನಗೆ ಗುರಿ ಬರುತ್ತದೆ. ನನ್ನ ಕೋವಿಗೆ ಬರುವುದಿಲ್ಲ, ಅಷ್ಟೆ.

ತಪ್ಪೆಲ್ಲ ಅದರ ಚೇಂಬರಿನದು. ಚೇಂಬರ್ ಎಂದರೆ ನಳಿಗೆಯ ಹಿಂತುದಿಯಲ್ಲಿ ತೋಟಾ ಕೂರುವ ಗೂಡು. ಗೂಡು ಸಡಿಲವಾದರೆ ತೋಟಾ ಒಂದು ಮಗ್ಗುಲಿಗೆ ಒರಗುತ್ತದೆ, ಗುಂಡು ನಳಿಗೆಯೊಳಗೆ ಸೊಟ್ಟಗೆ ಹೊರಡುತ್ತದೆ. ಹೊರಡುವಾಗ ಕೂದಲೆಳೆಯಷ್ಟಿದ್ದ ಸೊಟ್ಟ ನೂರು ಗಜ ದಾಟುವಷ್ಟರಲ್ಲಿ ಒಂದು ಗೇಣಾಗುತ್ತದೆ. ಈ ಕೋವಿಶಾಸ್ತ್ರವನ್ನು ನಾನು ಬೇಟೆಗಾರರ ಸಂಘದಲ್ಲಿ ಹನ್ನೊಂದು ವರ್ಷದಿಂದ, ಪ್ರತಿ ಭಾನುವಾರ, ಗುರಿ ತಪ್ಪಿದ ಕೂಡಲೇ ಬೋಧಿಸುತ್ತಾ ಬಂದಿದ್ದೇನೆ. (ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಹಿಂದಿನಿಂದ ಯಾರೋ ಗೊಣಗುತ್ತಾರೆ. ಶಾಸ್ತ್ರ ಎಲ್ಲರ ತಲೆಗೂ ಹತ್ತುವುದಿಲ್ಲ.)

ನನ್ನ ಹೆಂಡತಿಗೆ ಶಾಸ್ತ್ರವಿಲ್ಲ, ಗುರಿಯಿದೆ. ಅವಳದು ತೀರಿಕೊಂಡ ನಮ್ಮ ಮಾವನವರ ಕೋವಿ. ಮಾವನವರು ಸಂಘದ ಗುರಿ ಸ್ಪರ್ಧೆಯ ಕಪ್ಪನ್ನು ಎರಡು ವರ್ಷ ಸತತವಾಗಿ ಗೆದ್ದು ಮೂರನೆಯ ವರ್ಷ ಹಾಸಿಗೆ ಹಿಡಿದರು. ಮೂರೂ ವರ್ಷ ಗೆದ್ದರೆ ಮಾತ್ರ ಕಪ್ಪು ಶಾಶ್ವತವಾಗಿ ಮನೆ ಸೇರುವುದು. ಈಗ ಮಗಳೂ ಎರಡು ವರ್ಷ ಗೆದ್ದು ನಿಂತಿದ್ದಳು. ಅಪ್ಪನ ಫೋಟೋದ ಕೆಳಗಿನ ಶೆಲ್ಫಿನಿಂದ ನನ್ನ ಪುಸ್ತಕಗಳನ್ನೆಲ್ಲ ಎತ್ತಿ ಮಂಚದ ಕೆಳಗೆ ತಳ್ಳಿ, ಕಪ್ಪಿಗೆ ಜಾಗವನ್ನೂ ಮಾಡಿಟ್ಟಿದ್ದಳು.

"ನಿಮ್ಮಪ್ಪನ ಕೋವಿ ಚೇಂಬರೂ ಸಡಿಲ ಕಣೇ, ನನ್ನದರಷ್ಟಲ್ಲ ಅಷ್ಟೆ. ಬಿಗಿ ಮಾಡಿಕೊಡ್ತೀನಿ," ಅಂದೆ.

"ಬೇಡ."

"ಐದು ಗುಂಡೂ ಒಂದೇ ತೂತಲ್ಲಿ ಹೋಗುತ್ತೆ."

"ಅದು ಬೇಟೆ ಕೋವಿ ರೀ. ಧೂಳು ಬಿದ್ರೂ ಕೆಸರು ಮೆತ್ಕೊಂಡ್ರೂ ತೋಟಾ ಸಲೀಸಾಗಿ ಒಳಗೆ ಹೋಗ್ಬೇಕು, ಹೊರಗೆ ಬರ್ಬೇಕು. ಅದಕ್ಕೇ ಅಪ್ಪ ಹಾಗೇ ಬಿಟ್ಟಿದ್ರು. ನೀವು ಮುಟ್ಟಬೇಡಿ."

ಸ್ಪರ್ಧೆಗೆ ಐದು ದಿನ ಇದ್ದಾಗ ಅವಳು ಅಕ್ಕನ ಮನೆಗೆ ಹೋದಳು. ನಾನು ಮುಟ್ಟಿದೆ. ನಳಿಗೆಯ ಹಿಂತುದಿಯನ್ನು ಒಂದು ಬೆರಳಿನಷ್ಟು ಕತ್ತರಿಸಿ, ಅದನ್ನು ಮತ್ತೆ ತಿರುಗಿಸಿ ಕೂರಿಸಲು ಹೊಸ ತಿರುಪು ಗೀರು ಹಾಕಿ, ಅಚ್ಚುಕಟ್ಟಾಗಿ ಬಿಗಿಯಾದ ಗೂಡು ಕೊರೆದೆ. ಮರಳಿನ ಚೀಲದ ಮೇಲೆ ಕೋವಿಯನ್ನು ಕಟ್ಟಿ (ನನ್ನ ಕೈಯ ಸಂಪರ್ಕ ಆದಷ್ಟು ಕಡಿಮೆ ಇರಲೆಂದು) ಅಂಗಡಿಯ ಹೊಸ ತೋಟಾ ಹಾಕಿ ಹೊಡೆದೆ. ಮೂರು ಗುಂಡಿಗೂ ಒಂದೇ ತೂತು. ಆನಂದದಿಂದ ಕಣ್ಣು ತುಂಬಿತು. ಅವಳಿಗೆ ಹೇಳಲಿಲ್ಲ. ಅವಳು ಗೆದ್ದ ಮೇಲೆ ವೇದಿಕೆ ಹತ್ತಿ, ಇದೆಲ್ಲ ಚೇಂಬರಿನ ಮಹಿಮೆ ಎಂದು ಘೋಷಿಸುವ ಆಸೆ ನನಗೆ. ಅವಳಪ್ಪನ ಕಪ್ಪಿನ ಮೇಲೆ ನನ್ನ ಶಾಸ್ತ್ರದ ಬಾವುಟ ಹಾರಿಸಲು ಹೊರಟಿದ್ದೆ. ಈಗ ನೆನೆದರೆ ಮೈಯೆಲ್ಲ ಹಿಡಿಯಾಗುತ್ತದೆ.

ಸ್ಪರ್ಧೆಯ ದಿನ ಸಂಘದವರೆಲ್ಲ ನೋಡುತ್ತಿದ್ದಂತೆ ಅವಳು ಬಿಸ್ಕತ್ತಿನ ಡಬ್ಬಿಯಿಂದ ತೋಟಾ ತೆಗೆದು ಕೋವಿಗೆ ಹಾಕಿದಳು. ಅದು ಮುಕ್ಕಾಲು ಒಳಗೆ ಹೋಗಿ ನಿಂತುಬಿಟ್ಟಿತು. ಇನ್ನೊಂದು ಹಾಕಿದಳು. ಅದೂ ನಿಂತಿತು.

ಆಗ ನನಗೆ ಆ ಡಬ್ಬಿ ನೆನಪಾಯಿತು. ನನ್ನ ಹೆಂಡತಿ ಹೊಸ ತೋಟಾ ಬಳಸುವವಳೇ ಅಲ್ಲ. ಹೊಡೆದ ತೋಟಾದ ಹಿತ್ತಾಳೆ ಕೊಳವೆಗಳನ್ನು ಕೂಡಿಟ್ಟು, ಊಟದ ಮೇಜಿನ ಮೇಲೆ ಅವುಗಳ ಕತ್ತನ್ನಷ್ಟೇ ಒತ್ತಿ ಸರಿಮಾಡಿ, ಮತ್ತೆ ಮದ್ದು ತುಂಬಿ ಗುಂಡು ಕೂರಿಸುತ್ತಾಳೆ. ಅಪ್ಪ ಕಲಿಸಿದ ಅಭ್ಯಾಸ. ಹಳೆ ಚಪ್ಪಲಿ ಕಾಲಿನ ಆಕಾರಕ್ಕೆ ಬರುವ ಹಾಗೆ ಆ ಕೊಳವೆಗಳು ಹೊಡೆದಾಗಲೆಲ್ಲ ಹಳೆಯ ಗೂಡಿನಲ್ಲಿ ಉಬ್ಬಿ ಅದರ ಅಳತೆಗೇ ಬಂದಿದ್ದವು. ಸಡಿಲ ಗೂಡಿನಲ್ಲೂ ಅವಳ ತೋಟಾ ಯಾಕೆ ಒರಗುತ್ತಿರಲಿಲ್ಲ ಎಂಬುದು ಹನ್ನೊಂದು ವರ್ಷದ ಬೋಧನೆಯ ನಂತರ ಬೋಧಕನಿಗೆ ಅಲ್ಲಿ ಹೊಳೆಯಿತು.

"ಇದನ್ನ ಮುಟ್ಟಿದ್ರಾ?" ಅವಳು ಮೆಲ್ಲಗೆ ಕೇಳಿದಳು.

"ಸ್ವಲ್ಪ."

"ಎಷ್ಟು ಸ್ವಲ್ಪ?"

"ಒಂದು ಬೆರಳು ಕತ್ತರಿಸಿದೆ."

ಅವಳು ಬೈಯಲಿಲ್ಲ. ನಳಿಗೆಯ ಮೇಲೆ ಒಮ್ಮೆ ಕೈಯಾಡಿಸಿ ಅಪ್ಪನ ಕೋವಿಯನ್ನು ಚೀಲಕ್ಕೆ ಹಾಕಿದಳು. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ನೂರು ಜನರೆದುರು ನನಗೆ ತಲೆಯೆತ್ತಲಾಗಲಿಲ್ಲ. ಹೊಸ ತೋಟಾ ತರುತ್ತೇನೆಂದು ತೊದಲಿದೆ.

"ನನ್ನ ಕೈಗೆ ಗೊತ್ತಿರೋದು ನನ್ನ ತೋಟಾ. ನಿಮ್ಮ ಕೋವಿ ಕೊಡಿ. ಅದರ ಗೂಡು ಬಾವಿ ಇದ್ದ ಹಾಗಿದೆ ಅಂತೀರಲ್ಲ, ಇದು ಹೋಗುತ್ತೆ."

ತೋಟಾ ಸಲೀಸಾಗಿ ಹೋಯಿತು. ಅವಳು ನೆಲದ ಮೇಲೆ ಬೋರಲು ಮಲಗಿ ಗುರಿಯಿಟ್ಟು, ಉಸಿರು ಹಿಡಿದಳು. ನಾನು ಕಣ್ಣು ಮುಚ್ಚಿ ಎರಡು ಪ್ರಾರ್ಥನೆ ಮಾಡಿದೆ. ಒಂದು, ಅವಳು ಗೆಲ್ಲಲಿ. ಎರಡನೆಯದು, ನನ್ನ ಕೋವಿ ಗುರಿ ಮುಟ್ಟದಿರಲಿ. ಎರಡನ್ನೂ ಒಂದೇ ಮನಸ್ಸಿನಿಂದ ಬೇಡಿದೆ ಎಂಬುದನ್ನು ಹೆಂಡತಿಗೆ ಇನ್ನೂ ಹೇಳಿಲ್ಲ.

ಮೊದಲನೆಯದು ಮಾತ್ರ ಫಲಿಸಿತು. ಐದು ತೂತುಗಳನ್ನೂ ಒಂದು ಲೋಟದ ಬಾಯಲ್ಲಿ ಮುಚ್ಚಬಹುದಿತ್ತು.

ಕಪ್ಪು ಎತ್ತಿಕೊಂಡು ಅವಳು ವೇದಿಕೆಯಿಂದ ಹೇಳಿದ್ದು ಒಂದೇ ಮಾತು: "ಇದು ನಮ್ಮ ಯಜಮಾನರ ಕೋವಿ. ಇದರಲ್ಲಿ ಏನೂ ದೋಷ ಇಲ್ಲ." ಸಂಘದವರ ಚಪ್ಪಾಳೆ ನಿಲ್ಲಲೇ ಇಲ್ಲ. ಮನೆಗೆ ಬರುವಾಗ ಕೇಳಿದಳು: "ನಿಮ್ಮ ಹತ್ತಿರಾನೇ ಲೇತ್ ಇತ್ತು, ಅರ ಇತ್ತು. ಹನ್ನೊಂದು ವರ್ಷದಲ್ಲಿ ನಿಮ್ಮ ಕೋವಿ ಚೇಂಬರ್ ಯಾಕೆ ಸರಿ ಮಾಡ್ಕೊಳ್ಲಿಲ್ಲ?"

ಸರಿ ಮಾಡಿಬಿಟ್ಟರೆ ಆಮೇಲೆ ಗುರಿ ತಪ್ಪಿದಾಗ ಏನು ಹೇಳಲಿ ಎಂಬ ಭಯ. ಅದು ಅವಳಿಗೂ ಗೊತ್ತಿತ್ತು.

"ನಿಮ್ಮದು ನನಗಿರ್ಲಿ," ಅಂದಳು. "ಅಪ್ಪನದು ಇನ್ಮೇಲೆ ನೀವು ಹೊಡೀರಿ. ಅದರ ಚೇಂಬರ್ ನೀವೇ ಕೊರೆದದ್ದಲ್ವಾ."

ಮುಂದಿನ ಭಾನುವಾರ ಸಂಘದಲ್ಲಿ ಎಂದೂ ಸೇರದಷ್ಟು ಜನ ಸೇರಿದ್ದರು. ಅಂಗಡಿಯ ಹೊಸ ತೋಟಾ, ಬಿಗಿಯಾದ ಗೂಡು, ಗಾಳಿ ಕೂಡ ಇರಲಿಲ್ಲ. ಐದಕ್ಕೆ ಐದು ಗುಂಡೂ ಹಿಂದಿನ ಮಣ್ಣಿನ ದಿಬ್ಬಕ್ಕೆ ಹೋದವು. ಎಲ್ಲರೂ ಅಭ್ಯಾಸಬಲದಿಂದ ನನ್ನ ಬಾಯಿ ನೋಡಿದರು.

"ಏನಂತೆ?" ಅಂದಳು ಹೆಂಡತಿ.

"ಚೇಂಬರ್ ಚೆನ್ನಾಗಿದೆ," ಅಂದೆ.