ಟೀ ಹೊತ್ತಿನ ವೈದ್ಯಪಾಠ

ರೋಗಿ ಹೇಳುವುದೊಂದು, ವೈದ್ಯರಿಗೆ ಕೇಳಿಸುವುದೊಂದು. ನಡುವೆ ನಿಂತವರಿಗೆ ನಗು ತಡೆಯುವುದೇ ಅರ್ಧ ಕೆಲಸ. ಚನ್ನಗಿರಿಯ ಖಾಸಗಿ ಆಸ್ಪತ್ರೆಯೊಂದರಲ್ಲಿ ಮುಖ್ಯ ಶುಶ್ರೂಷಕಿಯಾಗಿರುವ ನನಗೆ ಈ ಸಂಯಮ ಚೆನ್ನಾಗಿ ಒಗ್ಗಿದೆ ಎಂದುಕೊಂಡಿದ್ದೆ. ಅಷ್ಟರಲ್ಲಿ ಮುಂಬಯಿಯಿಂದ ಒಬ್ಬ ಯುವ ವೈದ್ಯೆ ಬಂದರು.

ಪುಸ್ತಕದಿಂದ ಕಲಿತ ಕನ್ನಡ. ವ್ಯಾಕರಣದಲ್ಲಿ ನನಗೂ ತಪ್ಪು ಸಿಗಲಿಲ್ಲ. ಪತಿಗೆ ಇಲ್ಲಿಗೆ ವರ್ಗವಾಗಿದ್ದರಿಂದ ಆಕೆಗೆ ಈ ಕೆಲಸ ಬೇಕೇ ಬೇಕಿತ್ತು. "ರೋಗಿಗಳು ಒಪ್ಪಿದರೆ ಖಾಯಂ, ಇಲ್ಲವಾದರೆ ಇಲ್ಲ" ಎಂದಿದ್ದರು ಆಸ್ಪತ್ರೆ ನಡೆಸುವ ಹಿರಿಯ ವೈದ್ಯರು.

ಕೈಕೊಟ್ಟ ಕಾಲು

ಹೊನ್ನಾಳಿಯ ಹಿರಿಯರೊಬ್ಬರು, "ಕಾಲು ಕೈಕೊಟ್ಟೈತ್ರಿ, ಡಾಕ್ಟ್ರಮ್ಮ" ಎಂದರು. ವೈದ್ಯೆ ಅವರ ಬೆರಳು ಮಡಿಸಿ ನೋಡಿ, ಕೈಗೆ ಎಕ್ಸ್‌ರೇ ಬರೆದರು. ಎಕ್ಸ್‌ರೇ ಕೋಣೆಯಲ್ಲಿ ಹಿರಿಯರು ವಿಧೇಯರಾಗಿ ಕೈ ಚಾಚಿ, "ಈ ಮಿಷಿನ್ನು ಕೈಯಿಂದ ಕಾಲಿನ ಮಟ ನೋಡತೈತೇನಪ್ಪ?" ಎಂದು ವಿಚಾರಿಸಿದರಂತೆ.

ಟೀ ಕುಡಿಯುತ್ತ ಇದನ್ನೇ ಹೇಳಿ ನಗುತ್ತಿದ್ದ ನಾವು ವೈದ್ಯೆಯನ್ನೂ ಕರೆದೆವು.

"ಹರಟೆಗೆ ನನಗೆ ಸಮಯವಿಲ್ಲ, ಸಿಸ್ಟರ್" ಎಂದು ಅವರು ನಿಘಂಟು ತೆರೆದರು. ಅದರಲ್ಲಿ ಕೈ ಇತ್ತು, ಕೊಡುವುದೂ ಇತ್ತು. ಹಿರಿಯರ ಕಾಲು ಮಾತ್ರ ಇರಲಿಲ್ಲ.

ಹುಟ್ಟಿನಿಂದ ಬಂದದ್ದು

ನಮ್ಮಲ್ಲಿ ಮೊದಲು ಊರು ಕೇಳುವುದು ರೂಢಿ. ಆದ್ದರಿಂದ ವೈದ್ಯೆ "ಹೇಳಿ, ಏನು?" ಎಂದೊಡನೆ, ನೆಗಡಿಗೆಂದು ಬಂದ ಹೆಂಗಸು "ಕೆರೆಬಿಳಚಿ ರೀ" ಎಂದು ಊರು ಹೇಳಿದರು. ವೈದ್ಯೆಗೆ ಕೇಳಿಸಿದ್ದು ಕೆರೆತ ಮತ್ತು ಬಿಳಚಿಕೊಳ್ಳುವುದು.

"ಯಾವಾಗಿನಿಂದ?"

"ಹುಟ್ಟಿದಾಗಿಂದಲೂ ರೀ."

"ಮನೆಯಲ್ಲಿ ಬೇರೆಯವರದೂ ಹೀಗೆಯೇ?"

"ಅಪ್ಪಂದೂ ಅದೇ. ಅವ್ವಂದು ಸಾಸ್ವೆಹಳ್ಳಿ."

ವೈದ್ಯೆ 'ಸಾಸಿವೆ ಒಗ್ಗದು' ಎಂದು ಬರೆದುಕೊಂಡರು.

"ಪತಿ?"

"ಅವರು ಮನೆ ಅಳಿಯ ರೀ. ಮದುವೆ ಆದ್ಮ್ಯಾಲೆ ಅವರದೂ ಕೆರೆಬಿಳಚಿನೇ."

ವೈದ್ಯೆ ಕುರ್ಚಿಯನ್ನು ಹಿಂದಕ್ಕೆ ಸರಿಸಿ ನನ್ನ ಕಿವಿಯಲ್ಲಿ ಉಸುರಿದರು: "ಸಿಸ್ಟರ್, ಅಂಟುರೋಗ!"

ನೋಡ್ಯಾರಂತೆ

ಸುದ್ದಿ ಹಿರಿಯ ವೈದ್ಯರಿಗೆ ಮುಟ್ಟಿತು. "ಮುಂದಿನ ತಿಂಗಳು ನಾನೇ ಪಕ್ಕದಲ್ಲಿ ಕೂತು ನೋಡುತ್ತೇನೆ" ಎಂದರು. ಆ ಸಂಜೆ ವೈದ್ಯೆ ತಾವೇ ಲೋಟ ಹಿಡಿದು ನಮ್ಮ ನಡುವೆ ಬಂದು ಕೂತರು. ಆಯಾ ನ್ಯಾಮತಿಯ ತನ್ನ ಅತ್ತೆಯ ಕಥೆ ಹೇಳಿದಳು. ನಾನು ಕೆರೆಬಿಳಚಿಯ ಮದುವೆಯೂಟ ವರ್ಣಿಸಿದೆ. ಯಾರೂ ಪಾಠ ಹೇಳಲಿಲ್ಲ, ಆದರೂ ತಿಂಗಳಲ್ಲಿ ಆಕೆ 'ಐತೆ' ಎನ್ನತೊಡಗಿದ್ದರು.

ಪರೀಕ್ಷೆಯ ದಿನ ಬಂದಿತು. "ಸೊಂಟ ಕೈಕೊಟ್ಟೈತ್ರಿ" ಎಂದವರ ಸೊಂಟವನ್ನೇ ವೈದ್ಯೆ ನೋಡಿದರು. ಹಿರಿಯ ವೈದ್ಯರು ತಲೆದೂಗಿದರು. ಮುಂದೆ ಬಂದ ಜಗಳೂರಿನ ಗಂಡಸು ಸಂಕೋಚದಿಂದ, "ಕೆರೆ… ಕೆರೆ…" ಎಂದು ತಡವರಿಸಿದರು.

"ಕೆರೆಬಿಳಚಿ ಅಲ್ಲೇನ್ರಿ? ಗೊತ್ತೈತೆ ಬಿಡ್ರಿ!" ವೈದ್ಯೆಯ ಮುಖ ಬೆಳಗಿತು. "ಅಲ್ಲಿ ಯಾವ ಕಡೆ?"

"ಹೇಳಾಕೆ ನಾಚಿಕೆ ಆಗತೈತ್ರಿ."

"ನಾಚಿಕೆ ಯಾಕ್ರಿ? ಒಳ್ಳೇ ಜಾಗ. ನಮ್ಮ ಸಿಸ್ಟರೂ ನೋಡ್ಯಾರಂತೆ!"

ಹಿರಿಯ ವೈದ್ಯರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. "ಇಷ್ಟು ಸಲೀಸಾಗಿ ತಪ್ಪು ಮಾತಾಡಾಕೆ ಬಂದ್ಮ್ಯಾಲೆ ನೀವು ಹೊರಗಿನೋರಲ್ಲಮ್ಮ. ಕೆಲಸ ಖಾಯಂ."

ಆ ಗಂಡಸು ಮಾತ್ರ ಮುಲಾಮು ಹಿಡಿದು ಬಾಗಿಲು ದಾಟುವವರೆಗೂ ನನ್ನನ್ನೇ ಅನುಮಾನದಿಂದ ನೋಡುತ್ತಿದ್ದರು.