ಕಾರು ಬಿಡಲು ಸದಾ ಸಿದ್ಧರಾಗಿದ್ದ ನಮ್ಮ ಭಾವ

ನಮ್ಮ ಭಾವ ಕಾರು ಬಿಡುವುದಿಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಕಾರು ಬಿಡಲು ಅವರಷ್ಟು ಮನಃಪೂರ್ವಕವಾಗಿ ಒಪ್ಪಿದವರು ನಂಜನಗೂಡು ತಾಲ್ಲೂಕಿನಲ್ಲೇ ಇನ್ನೊಬ್ಬರಿರಲಾರರು. ರೈಲು ಎಂದರೆ ಆಗಲಿ ಅನ್ನುತ್ತಾರೆ, ಬಸ್ಸು ಎಂದರೆ ಬಹಳ ಸಂತೋಷ ಅನ್ನುತ್ತಾರೆ. ಹೀಗೆ ಒಪ್ಪಿಕೊಳ್ಳುತ್ತಲೇ ದಿನಾ ಬೆಳಿಗ್ಗೆ ಎಂಟೂವರೆಗೆ ಕಾರು ಹತ್ತಿ ಮೈಸೂರಿನ ಕಚೇರಿಗೆ ಹೋಗಿ, ಸಂಜೆ ಕಾರಿನಲ್ಲೇ ವಾಪಸ್ಸು ಬರುತ್ತಿದ್ದರು. ಕಾರಿನಲ್ಲಿ ಅವರೊಬ್ಬರೇ. ಪಕ್ಕದ ಸೀಟಿನಲ್ಲಿ ಊಟದ ಡಬ್ಬಿ ಕೂರುತ್ತಿತ್ತು. ಅದಕ್ಕೆ ಬೆಲ್ಟ್ ಕೂಡ ಹಾಕುತ್ತಿದ್ದರು!

ಇದರಿಂದ ಯಾರಿಗೇನು ನಷ್ಟ ಅನ್ನುತ್ತೀರಾ? ನಾವೂ ಹಾಗೇ ಅಂದುಕೊಂಡಿದ್ದೆವು. ಆದರೆ ಭಾವನ ಸಕ್ಕರೆ ಕಾಯಿಲೆ ನಿಧಾನವಾಗಿ ಕಣ್ಣಿಗೆ ಬಂತು. ಎಡಗಣ್ಣು ಮಂಜಾಗಿದೆ, ಇನ್ನು ಸ್ಟೀರಿಂಗ್ ಮುಟ್ಟಬೇಡಿ ಎಂದರು ಕಣ್ಣಿನ ಡಾಕ್ಟರು. "ಖಂಡಿತ ಸಾ" ಎಂದು ಕೈಮುಗಿದ ಭಾವ, ಕಣ್ಣಿಗೆ ಹಾಕಿದ ಡ್ರಾಪ್ಸ್ ಆರುವ ಮೊದಲೇ ಕಾರು ಓಡಿಸಿಕೊಂಡು ಮನೆಗೆ ಬಂದರು.

ಅವತ್ತಿನಿಂದ ನಮ್ಮಕ್ಕನ ನೆಮ್ಮದಿ ಹೋಯಿತು. ಬೆಳಿಗ್ಗೆ "ತಲುಪಿದೆ" ಎಂಬ ಫೋನು ಬರುವ ತನಕ ಅವಳ ಗಂಟಲಲ್ಲಿ ಕಾಫಿ ಇಳಿಯುತ್ತಿರಲಿಲ್ಲ. ಸಂಜೆಯಾದರೆ ಗೇಟು ಬಿಟ್ಟು ಕದಲುತ್ತಿರಲಿಲ್ಲ. ಸರಿಯಾಗಿ ನಿದ್ದೆಯೂ ಇಲ್ಲ. ನಾನು ಟಿ. ನರಸೀಪುರದಲ್ಲಿ ಮೇಷ್ಟ್ರು, ಅಲ್ಲಿಗೇ ಫೋನು ಮಾಡಿ ಗೋಳಾಡುತ್ತಿದ್ದಳು. "ಇವ್ರನ್ನ ಆ ಕಾರಿಂದ ಇಳ್ಸಿಬುಡೋ. ನಿನ್ ಕಾಲಿಗ್ ಬೇಕಾದ್ರೂ ಬೀಳ್ತೀನಿ." ಎತ್ತಿ ಆಡಿಸಿದ ಅಕ್ಕ ಕಾಲಿಗೆ ಬೀಳುವ ಮಾತಾಡಿದರೆ ಸುಮ್ಮನೆ ಕೂರಲಾಗುತ್ತದೆಯೇ? ನಾನು ಹೋಗಿ ರೈಲಿನ ಪಾಸು ಮಾಡಿಸಿಕೊಟ್ಟೆ.

ವಾರ ಬಿಟ್ಟು ಫೋನಿನಲ್ಲಿ ವಿಚಾರಿಸಿದೆ. "ರೈಲು ಹೆಂಗಿದೆ ಭಾವ?"

"ಪಸಂದಾಗದೆ ಕಣ್ಲಾ. ಟೈಮಿಗ್ ಸರಿಯಾಗ್ ಬತ್ತದೆ, ಟೈಮಿಗ್ ಸರಿಯಾಗ್ ಓಯ್ತದೆ."

"ಸೀಟು ಸಿಗುತ್ತಾ?"

"ಅದ್ ಗೊತ್ತಿಲ್ಲ."

ಆಮೇಲೆ ತಿಳಿಯಿತು ನೋಡಿ ಸಂಗತಿ! ಪಾಸನ್ನು ಜೇಬಿನಲ್ಲಿಟ್ಟುಕೊಂಡು ದಿನಾ ಕಾರಿನಲ್ಲಿ ಸ್ಟೇಷನ್ನಿಗೆ ಹೋಗಿ, ರೈಲು ಹೊರಟಿದ್ದನ್ನು ಕಣ್ಣಾರೆ ಕಂಡು, ಅದೇ ಕಾರಿನಲ್ಲಿ ಮೈಸೂರು ಸ್ಟೇಷನ್ನಿಗೆ ಧಾವಿಸಿ ಅದು ತಲುಪಿತೋ ಇಲ್ಲವೋ ಎಂದು ಪರೀಕ್ಷೆ ಮಾಡುತ್ತಿದ್ದರು. ನಾನು ರೇಗಿದೆ. ಅವರಿಗೆ ಬೇಸರವೇನೂ ಆಗಲಿಲ್ಲ. "ಏಕ್‌ದಂ ಎಂಗ್ಲಾ ನಂಬೋದು? ನಿಮ್ಮಕ್ಕನ್ನೂ ಮೂರ್ ಸಲ ನೋಡೇ ಒಪ್ಕೊಂಡಿದ್ದು." ಅಕ್ಕನನ್ನು ಮದುವೆಯಾದರು ನಿಜ, ರೈಲನ್ನು ಮಾತ್ರ ನೋಡುವ ಶಾಸ್ತ್ರಕ್ಕೇ ಮುಗಿಸಿದರು.

ಇನ್ನು ಸೋಮವಾರದ ಕಥೆ ಬೇರೆ. ಅವತ್ತು ಏಳೂವರೆಯಿಂದ ಒಂಬತ್ತರವರೆಗೆ ರಾಹುಕಾಲ. ಎಂಟೂವರೆಗೆ ಹೊರಡುವ ಗುಮಾಸ್ತ ಏನು ಮಾಡಬೇಕು? ಭಾವ ಏಳು ಇಪ್ಪತ್ತೈದಕ್ಕೇ ವಿಭೂತಿ ಹಚ್ಚಿಕೊಂಡು, "ಹೋಗ್ಬತ್ತೀನಿ" ಎಂದು ಕಾರು ಹೊರಡಿಸಿ, ನಾಲ್ಕನೇ ಮನೆಯ ಮುಂದೆ ನಿಲ್ಲಿಸಿ, ನಡೆದುಕೊಂಡು ವಾಪಸ್ಸು ಬಂದು ತಿಂಡಿಗೆ ಕೂರುತ್ತಿದ್ದರು. ಅವರ ಲೆಕ್ಕದಲ್ಲಿ ಪ್ರಯಾಣ ಆಗಲೇ ಶುರುವಾಗಿಬಿಟ್ಟಿದೆ. ಇದು ದಾರಿಯಲ್ಲಿ ತಿನ್ನುವ ಇಡ್ಲಿ.

ಇಂಥವರ ಮನೆಗೆ ಒಂದು ಭಾನುವಾರ ಮೈಸೂರಿನ ಯಾವುದೋ ಎಂಜಿನಿಯರಿಂಗ್ ಕಾಲೇಜಿನ ಹುಡುಗಿ ಫಾರಂ ಹಿಡಿದು ಬಂದಳು. ದಿನಾ ಕಾರಿನಲ್ಲಿ ಓಡಾಡುವವರ ಅಭಿಪ್ರಾಯ ಬೇಕಾಗಿತ್ತಂತೆ. ನಾನೂ ಅಲ್ಲೇ ಇದ್ದೆ.

"ಪಾಡ್ ಅಂತ ಸರ್. ನಾಲ್ಕು ಜನ ಕೂರೋ ಪುಟ್ಟ ಗಾಡಿ. ಡ್ರೈವರ್ ಇರಲ್ಲ. ಅದಕ್ಕೇ ಅಂತ ಬೇರೆ ದಾರಿ ಇರುತ್ತೆ. ಬಟನ್ ಒತ್ತಿದ್ರೆ ಬಂದು, ನಡುವೆ ಎಲ್ಲೂ ನಿಲ್ಲದೆ ನೀವು ಹೇಳಿದ ಕಡೆ ಬಿಡುತ್ತೆ. ಅಂಥದ್ದು ಬಂದ್ರೆ ಕಾರು ಬಿಡ್ತೀರಾ?"

"ಈಗ್ಲೇ ಬುಡ್ತೀನಿ ಕಣವ್ವ, ಬರ್ಕೋ." ಒಳಗಿನಿಂದ ಅಕ್ಕ ಕೆಮ್ಮಿದಳು. ಭಾವ ಕುರ್ಚಿ ಮುಂದಕ್ಕೆಳೆದುಕೊಂಡರು. "ವಸಿ ಅನುಮಾನ ಅದೆ. ಸೋಮವಾರ ಏಳೂ ಇಪ್ಪತ್ತೈದಕ್ಕೆ ಕರುದ್ರೆ ಬತ್ತದಾ?"

"ಬರುತ್ತೆ ಸರ್."

"ಎಂಟೂವರೆಗಂಟ ನಾಕನೇ ಮನೆ ಮುಂದ್ಗಡೆ ನಿಂತಿರ್ತದಾ?"

"ಇಲ್ಲ ಸರ್, ಇದರಲ್ಲಿ ಕಾಯೋ ಮಾತೇ ಇಲ್ಲ. ಅದೇ ಇದರ ವಿಶೇಷ!"

"ಕಾಯಾಕಿಲ್ವಾ!" ಭಾವನ ಮುಖ ಸಪ್ಪಗಾಯಿತು. "ಕಾಯ್ದೇ ಇದ್ಮೇಲೆ ಅದು ನಮ್ದು ಎಂಗಾಯ್ತದವ್ವ?"

ಹುಡುಗಿ ಫಾರಂ ತಿರುಗಿಸಿ ಮುರುಗಿಸಿ ನೋಡಿದಳು. ಈ ಪ್ರಶ್ನೆಗೆ ಅದರಲ್ಲಿ ಜಾಗವಿರಲಿಲ್ಲ. ಕೊನೆಗೆ "ಪೂರ್ತಿ ಸಿದ್ಧರಿದ್ದಾರೆ" ಎಂಬುದಕ್ಕೆ ಟಿಕ್ ಹಾಕಿ, ಕಾಲೇಜಿನ ಮೈದಾನದಲ್ಲಿ ಒಂದು ಪಾಡ್ ಮಾಡಿಟ್ಟಿದ್ದೇವೆ, ಬಂದು ಕೂತು ನೋಡಿ ಎಂದಳು. ಭಾವ ಒಪ್ಪಿದರು. ಒಪ್ಪದೇ ಇರುವುದು ಅವರ ಜಾತಕದಲ್ಲೇ ಇಲ್ಲವಲ್ಲ!

ಮುಂದಿನ ಭಾನುವಾರ ಮೂವರೂ ಹೊರಟೆವು. ನಾನು ಓಡಿಸುತ್ತೇನೆಂದು ಬಾಯಿ ತೆಗೆಯುವಷ್ಟರಲ್ಲಿ ಭಾವ ಸ್ಟೀರಿಂಗ್ ಹಿಡಿದು ಕೂತಾಗಿತ್ತು. ಅಕ್ಕ ಹಿಂದೆ ಕೂತು ಬಾಗಿಲ ಮೇಲಿನ ಹಿಡಿ ಹಿಡಿದಳು, ಬಿಡಲೇ ಇಲ್ಲ. "ರೀ, ಲಾರಿ." "ರೀ, ನಾಯಿ." ಕಡಕೊಳದ ಹತ್ತಿರ ಎಡಗಡೆಯಿಂದ ಸೈಕಲ್ಲಿನವನೊಬ್ಬ ರಸ್ತೆಗೆ ಬಂದ. ಅಕ್ಕ ಕಿರುಚಿದಳು. ಭಾವ ಬ್ರೇಕ್ ಒತ್ತಿದಾಗ ಸೈಕಲ್ಲಿಗೂ ನಮಗೂ ನಡುವೆ ಒಂದು ಗೇಣು ಇತ್ತೋ ಇಲ್ಲವೋ. ಅವನು ಬೈದುಕೊಂಡು ಹೋದ. ಭಾವ ತಿರುಗಿ ಬೈಯಲಿಲ್ಲ. 

ಮೈದಾನದ ಸುತ್ತ ಹಳಿ ಹಾಕಿ, ಅದರ ಮೇಲೆ ಪಾಡ್ ಇಟ್ಟಿದ್ದರು. ಎದುರುಬದುರು ಎರಡೆರಡು ಸೀಟು. ಭಾವ ಅಭ್ಯಾಸಬಲದಿಂದ ಬಲಗಡೆ ಹತ್ತಿದರು, ಅಕ್ಕ ಪಕ್ಕದಲ್ಲಿ ಕೂತಳು. ಎದುರಿಗೆ ನಾನು ಮತ್ತು ಹುಡುಗಿ.

"ಹಾರನ್ ಎಲ್ಲವ್ವ?"

"ಬೇಕಾಗಲ್ಲ ಸರ್."

"ಎದುರಿಗ್ ಬರೋನ್ಗೆ ಏನಂತ ಯೋಳದು?"

"ಎದುರಿಗೆ ಯಾರೂ ಬರಲ್ಲ ಸರ್."

ಗಾಡಿ ಮೆಲ್ಲಗೆ ಹೊರಟಿತು. ಭಾವನ ಬಲಗಾಲು ಬ್ರೇಕಿಗಾಗಿ ನೆಲವೆಲ್ಲ ತಡಕಾಡಿತು. ಕೈಗಳಿಗೂ ಕೆಲಸವಿಲ್ಲ, ತೊಡೆಯ ಮೇಲಿಟ್ಟರು, ತೆಗೆದರು, ಮತ್ತೆ ಇಟ್ಟರು. ನನಗೆ ನಗು ತಡೆಯಲಾಗಲಿಲ್ಲ. ಎರಡನೇ ಸುತ್ತಿಗೆ "ತೊಟ್ಲಲ್ಲಿ ಕೂರ್ಸಿದಂಗದೆ, ಇದ್ರಲ್ಲಿ ಗಂಡಸ್ರು ಓಗ್ತಾರಾ?" ಎಂದು ಅಕ್ಕನ ಕಡೆ ತಿರುಗಿದರು.

ಅಕ್ಕ ನಿದ್ದೆ ಹೋಗಿದ್ದಳು.

ತಲೆ ಭಾವನ ಭುಜಕ್ಕೆ ವಾಲಿತ್ತು, ಬಾಯಿ ಸ್ವಲ್ಪ ತೆರೆದಿತ್ತು. ಗಂಡನ ಜೊತೆ ಗಾಡಿಯಲ್ಲಿ ಅವಳು ಕಣ್ಣು ಮುಚ್ಚಿದ್ದನ್ನು ನಾನು ಅವತ್ತೇ ನೋಡಿದ್ದು. ಭಾವ ಆ ಮುಖವನ್ನೇ ನೋಡುತ್ತಾ ಕೂತರು. ಕಣ್ಣ ಕೆಳಗಿನ ಕಪ್ಪು, ಒಂದೇ ವರ್ಷದಲ್ಲಿ ನೆರೆತ ಮುಂಗೂದಲು. ಇಷ್ಟು ದಿನ ರಸ್ತೆ ನೋಡುತ್ತಿದ್ದವರಿಗೆ ಇದನ್ನೆಲ್ಲ ನೋಡಲು ಎಲ್ಲಿ ಪುರುಸೊತ್ತಿತ್ತು?

ಸುತ್ತು ಮುಗಿದು ಗಾಡಿ ನಿಂತಿತು. ಹುಡುಗಿ ಬಾಗಿಲು ತೆಗೆಯಲು ಎದ್ದಳು. ಭಾವ ಕೈಯಲ್ಲೇ ತಡೆದರು.

"ಇನ್ನೊಂದ್ ಸುತ್ತು ಬರ್ಲವ್ವ," ಎಂದರು, ಪಿಸುಮಾತಿನಲ್ಲಿ. "ಎಬ್ಬುಸ್ಬ್ಯಾಡ."

ಇನ್ನೊಂದು ಸುತ್ತಾಯಿತು, ಮತ್ತೊಂದಾಯಿತು. ಪ್ರತಿ ಸಲವೂ ಹುಡುಗಿ ಸದ್ದಾಗದಂತೆ ಬಟನ್ ಒತ್ತಿದಳು. ನಾನು ಕಿಟಕಿಯ ಕಡೆ ಮುಖ ತಿರುಗಿಸಿಕೊಂಡೆ. ನಗುತ್ತಿದ್ದದ್ದಕ್ಕೆ ನಾಚಿಕೆಯಾಗಿತ್ತು.

ಕೆಳಗಿಳಿದು ಕಾರಿನ ಹತ್ತಿರ ಬಂದೆವು. ಭಾವ ಡ್ರೈವರ್ ಬಾಗಿಲ ಮುಂದೆ ಒಂದು ಗಳಿಗೆ ನಿಂತರು. ಕೀಲಿಯನ್ನು ನನ್ನ ಕೈಗಿಟ್ಟರು. ಹಿಂದಿನ ಬಾಗಿಲು ತೆಗೆದು, ನಿದ್ದೆಗಣ್ಣಿನ ಅಕ್ಕನನ್ನು ಕೂರಿಸಿ, ತಾವೂ ಪಕ್ಕದಲ್ಲಿ ಕೂತರು.

"ನಿಧಾನಕ್ ಓಗ್ಲಾ," ಎಂದರು. "ಇನ್ನೂ ವಸಿ ಮಲೀಕಳ್ಲಿ."