ತಾಮನ ತಾಳ್ಮೆ

ದೋಣಿ ಹತ್ತಿದವನೊಬ್ಬನ ಕಾಳಗದ ಹುಂಜ ಚುಕ್ಕಾಣಿ ಹಿಡಿದ ತಾಮನ ಕೈಯನ್ನು ಕುಕ್ಕಿದ್ದೇ ನೆಪವಾಯಿತು. ತಾಮ್ ಹಿಂದುಮುಂದು ನೋಡದೆ ಅದನ್ನು ಬುಟ್ಟಿಸಮೇತ ಕಾಲುವೆಗೆ ಎಸೆದುಬಿಟ್ಟ. ಬುಟ್ಟಿ ತೇಲಿತು, ಹುಂಜ ಬದುಕಿತು. ಆದರೆ ಅಂದಿನಿಂದ ಅದು ಎದುರಾಳಿಯನ್ನು ಕಂಡರೆ ಹೆಣ್ಣು ಕೊಟ್ಟ ಮಾವನ ಹಾಗೆ ತಲೆ ತಗ್ಗಿಸಿ ನಿಲ್ಲತೊಡಗಿತಂತೆ.

ಹುಂಜದವನ ದೂರು ದೋಣಿಯ ಒಡತಿ ಫುಂಗಮ್ಮನ ತನಕ ಹೋಯಿತು. ಮೂರನೆಯ ದಿನ ಬೆಳಿಗ್ಗೆ ಅವಳೇ ತಾಮನ ಮನೆಬಾಗಿಲಿಗೆ ಬಂದು ಒಂದು ಪೊಟ್ಟಣ ಕೈಗಿಟ್ಟಳು.

"ನಿನ್ನ ಕೈ ಚೆನ್ನಾಗಿದೆ, ತಲೆ ನೆಟ್ಟಗಿಲ್ಲ. ಫೋನಲ್ಲೇ ಮನಸ್ಸಿಗೆ ಮದ್ದು ಮಾಡೋ ಡಾಕ್ಟರಮ್ಮ ಒಬ್ಬಳಿದ್ದಾಳೆ. ಮಾತೂ ಆಡಿಸ್ತಾಳೆ, ನಾರುಬೇರೂ ಕೊಡ್ತಾಳೆ. ನನ್ನ ತಂಗಿ ಗಂಡನ ಸಿಟ್ಟು ಇಳಿದದ್ದು ಅವಳಿಂದಲೇ. ನಿನ್ನ ಮನಸ್ಸು ತಣ್ಣಗಾಗಿದೆ ಅಂತ ಇವತ್ತು ಸಂಜೆಯೊಳಗೆ ಅವಳು ನನಗೆ ಹೇಳಬೇಕು. ಇಲ್ದಿದ್ರೆ ಚುಕ್ಕಾಣಿ ನಮ್ಮಣ್ಣನ ಮಗನಿಗೆ."

ಆ ಚುಕ್ಕಾಣಿಯೊಂದೇ ತಾಮನ ಸುಖ. ದೋಣಿಯ ಹಿಂಬದಿಯಲ್ಲಿ ನೀರು ನೋಡುತ್ತ ನಿಂತರೆ ಅವನಷ್ಟು ಸಾಧು ಮನುಷ್ಯ ಕಾಲುವೆಯ ಎರಡೂ ದಡದಲ್ಲಿರಲಿಲ್ಲ. ದಡ ಬಂದರೆ ಮನುಷ್ಯರು ಸಿಗುತ್ತಿದ್ದರು. ಸಿಟ್ಟೂ ಅಲ್ಲೇ ಸಿಗುತ್ತಿತ್ತು.

ಪೊಟ್ಟಣದಲ್ಲಿದ್ದ ಸಣ್ಣ ಕಪ್ಪು ಮದ್ದಿನ ಬೀಜಗಳನ್ನು ಚೀಟಿಯಲ್ಲಿ ಹೇಳಿದ ಹಾಗೆ ಎರಡೂ ಕಿವಿಗೆ ಅಂಟಿಸಿಕೊಂಡ. ನಿಂಬೆಹುಲ್ಲು, ಶುಂಠಿ, ಚಕ್ಕೋತದ ಎಲೆ ಕುದಿಸಿ ಬೋಗುಣಿಗೆ ಸುರಿದು ಕಾಲು ಇಳಿಬಿಟ್ಟ. ಪಕ್ಕದ ಮನೆಯ ಲಿಯೂ ಅಕ್ಕ ತನ್ನ ವೈಫೈ ಬಳಸಲು ಒಪ್ಪಿದ್ದಳು. ಅಂಗಳದ ನೀರಿನ ಹರವಿಗೆ ಫೋನನ್ನು ಆನಿಸಿದ. ಡಾಕ್ಟರಮ್ಮ, ಬಿಳಿ ಕೋಟಿನ ಹುಡುಗಿ ತ್ರಾಂಗ್, ಪರದೆಯ ಮೇಲೆ ಮೂಡಿದಳು.

"ಚಿಕ್ಕಪ್ಪ, ನಾನು ಇಲ್ಲೊಂದು ಊದುಬತ್ತಿ ಹಚ್ತೀನಿ. ಅದು ಉರಿದು ಮುಗಿಯೋ ತನಕ ನೀವು ಮಾತಾಡಬಾರದು. ಸುತ್ತ ಏನೇ ಆದ್ರೂ ಮುಖ ಗಂಟು ಹಾಕಬಾರದು. ನಿಮ್ಮ ಕಡೆಯ ಸದ್ದು ನನಗೆ ಕೇಳದ ಹಾಗೆ ಆರಿಸಿ ನಿಮ್ಮ ಮುಖವನ್ನೇ ನೋಡ್ತಿರ್ತೀನಿ. ಆಗುತ್ತಾ?"

"ಆಗುತ್ತೆ ಮಗಳೆ," ಎಂದ ತಾಮ್. ಬಾಯಿ ಮುಚ್ಚಿದ.

ಬೇಲಿಯಾಚೆಯಿಂದ ಲಿಯೂ ಅಕ್ಕನ ತಲೆ ಎದ್ದಿತು. ಹಿಂದೆಯೇ ಲಿಯೂ ಅಕ್ಕನೂ ಬಂದಳು.

"ಏನೋ ಇದು, ಕಿವಿಯೊಳಗೆ ಬಿತ್ತನೆ ಮಾಡ್ಕೊಂಡಿದ್ದೀಯ? ಮನಸ್ಸಿನ ಕಾಯಿಲೆಯಂತೆ, ಮಣ್ಣಂತೆ. ನಿನಗೆ ಗಾಳಿ ಹೊಕ್ಕಿದೆ ಕಣೋ. ಮುಖ ನೋಡಿದ್ರೇ ಗೊತ್ತಾಗುತ್ತೆ."

ಉತ್ತರ ಬಾರದ್ದನ್ನು ಅವಳು ಕಾಯಿಲೆ ಬಲಿತ ಲಕ್ಷಣವೆಂದೇ ಎಣಿಸಿದಳು. ಅಂಗಿ ಮೇಲೆತ್ತಿ, ಬೆನ್ನಿಗೆ ಹಸಿರು ಮದ್ದಿನೆಣ್ಣೆ ಸುರಿದು, ಗಾಳಿ ತೆಗೆಯಲು ನಾಣ್ಯದ ಬಿಲ್ಲೆಯಿಂದ ಬಾಣಲೆಯ ತಳ ಕೆರೆದ ಹಾಗೆ ಕೆರೆಯತೊಡಗಿದಳು. ಬೆನ್ನು ಉರಿಯಿತು. ತ್ರಾಂಗಳ ಕಣ್ಣು ಅವನ ಮೇಲೇ ಇತ್ತು. ತಾಮ್ ದವಡೆ ಬಿಗಿಹಿಡಿದು, ನಡುನೀರಿನ ತಂಪನ್ನು ನೆನೆದುಕೊಂಡ.

"ನೀರೂ ಆರಿಹೋಗಿದೆ," ಎನ್ನುತ್ತ ಲಿಯೂ ಅಕ್ಕ ಒಲೆಯ ಮೇಲೆ ಕುದಿಯುತ್ತಿದ್ದ ನೀರನ್ನೆಲ್ಲ ಬೋಗುಣಿಗೆ ಸುರಿದಳು.

ಅವನ ಒಂದು ಕಣ್ಣಿನಿಂದ ಹನಿಯೊಂದು ಜಾರಿತು. ಮುಖ ಮಾತ್ರ ಅಲುಗಲಿಲ್ಲ. ಅರ್ಧ ಊದುಬತ್ತಿಯಾದರೂ ಉರಿದಿರಬೇಕು.

ಆಗ ಲಿಯೂ ಅಕ್ಕನ ಗಂಡ ಚಿನ್ ತನ್ನ ಮನೆಯ ಜಗುಲಿಗೆ ಬಂದ. ಕೈಯಲ್ಲಿ ಮೈಕು, ಹಿಂದೆ ಗಾಲಿಯ ಮೇಲೆ ಆಳೆತ್ತರದ ಸ್ಪೀಕರು.

"ಗಾಳಿಯೂ ಅಲ್ಲ, ಗೀಳಿಯೂ ಅಲ್ಲ. ನೊಂದ ಮನಸ್ಸಿಗೆ ಹಾಡೇ ಮದ್ದು. ತಮ್ಮಾ, ನಿನಗೋಸ್ಕರ ಒಂದು ವಿರಹದ ಹಾಡು." ಗೋಡೆಯಲ್ಲಿದ್ದ ಯಾವುದೋ ಪ್ಲಗ್ಗು ಕಿತ್ತು ತನ್ನದನ್ನು ಸಿಕ್ಕಿಸಿದ.

ಹಾಡು ಶುರುವಾಯಿತು. ಕೆಸರಿಗೆ ಸಿಕ್ಕ ಎಮ್ಮೆ ಕೂಡ ಅಷ್ಟು ದುಃಖದಿಂದ ಕೂಗುವುದಿಲ್ಲ. ಬಾತುಕೋಳಿಗಳು ಸಾಲಾಗಿ ಕಾಲುವೆಗೆ ಹಾರಿದವು. ತಾಮ್ ಮೊದಲ ಚರಣ ಸಹಿಸಿದ. ಎರಡನೆಯದನ್ನೂ ಸಹಿಸಿದ. ಮೂರನೆಯದರಲ್ಲಿ ಚಿನ್ ದನಿ ಏರಿಸಿದ.

ತಾಮ್ ಒದ್ದ ಬೋಗುಣಿ ಅಂಗಳದಾಚೆ ಹೋಗಿ ಬಿತ್ತು. ಅಕ್ಕನ ಕೈಯ ಬಿಲ್ಲೆ ನೀರು ಪಾಲಾಯಿತು.

"ನಿಮ್ಮ ಎಣ್ಣೆಗಿಷ್ಟು ಬೆಂಕಿ ಹಾಕ! ನಿಮ್ಮ ಹಾಡಿಗೆ ಮಣ್ಣು ಬೀಳ! ಒಂದು ಗಳಿಗೆ ಮನುಷ್ಯನ್ನ ಸುಮ್ನೆ ಕೂರೋಕೆ ಬಿಡಲ್ವಲ್ಲ ನೀವು!" ಆ ಕೂಗಿಗೆ ಎದುರು ದಡದಲ್ಲಿ ಬಟ್ಟೆ ಒಗೆಯುತ್ತಿದ್ದವರೂ ಎದ್ದು ನಿಂತರು.

ಲಿಯೂ ಅಕ್ಕ ಹೆದರಲಿಲ್ಲ. ತೃಪ್ತಿಯಿಂದ ಗಂಡನಿಗೆ ಹೇಳಿದಳು: "ನೋಡಿದ್ರಾ, ಗಾಳಿ ಹೊರಗೆ ಬಂತು."

ತಾಮನಿಗೆ ಆಗ ಫೋನಿನ ನೆನಪಾಯಿತು. ಚುಕ್ಕಾಣಿ ಹೋಯಿತು, ಬದುಕು ಮುಗಿಯಿತು ಎಂದುಕೊಳ್ಳುತ್ತ ತಿರುಗಿದರೆ, ಪರದೆಯ ಮೇಲೆ ತ್ರಾಂಗ್ ಅರೆಗಣ್ಣು ಮುಚ್ಚಿದಂತೆಯೇ ನಿಂತಿದ್ದಳು. ಅವಳ ಮೂಗಿನ ಮೇಲೆ ಪುಟ್ಟ ಚಕ್ರವೊಂದು ತಿರುಗುತ್ತಿತ್ತು. ಚಿನ್ ಕಿತ್ತದ್ದು ವೈಫೈ ಪ್ಲಗ್ಗು.

ತಾಮ್ ಓಡಿಹೋಗಿ ಮೊದಲಿದ್ದ ಹಾಗೆಯೇ ಕೂತ. ಮುಖ ಸಡಿಲಿಸಿದ. ಹಾಡಿಗೆ ಬೆಲೆಯಿಲ್ಲದ ಊರು ಎಂದು ಗೊಣಗುತ್ತ ಚಿನ್ ಸ್ಪೀಕರಿನ ಪ್ಲಗ್ಗು ಕಿತ್ತು ಹಳೆಯದನ್ನು ಸಿಕ್ಕಿಸಿದ. ಸ್ವಲ್ಪ ಹೊತ್ತಿಗೆ ತ್ರಾಂಗ್ ಅಲುಗಿದಳು. ಅವಳು ಕಣ್ಣು ಒರೆಸಿಕೊಳ್ಳುತ್ತಿದ್ದಳು.

"ಚಿಕ್ಕಪ್ಪ, ಊದುಬತ್ತಿ ಮುಗೀತು. ಇಂಥ ತಾಳ್ಮೆ ನಾನು ಕಂಡೇ ಇಲ್ಲ. ಅರ್ಧದಿಂದಾಚೆಗೆ ನೀವು ರೆಪ್ಪೆ ಕೂಡ ಬಡೀಲಿಲ್ಲ. ಕೆನ್ನೆ ಮೇಲಿನ ಹನಿ ಕೂಡ ನಿಂತಲ್ಲೇ ನಿಂತಿತು. ನಿಮ್ಮನ್ನ ನೋಡಿ ಹಿಂದಿದ್ದ ಆ ಅಮ್ಮನೂ ಎತ್ತಿದ ಕೈ ಇಳಿಸದೆ ಹಾಗೇ ಕಲ್ಲಾಗಿಬಿಟ್ಟರು. ಶಾಂತಿ ಹರಡೋದು ಅಂದ್ರೆ ಇದೇ."

ತಾಮ್ ಒಂದು ಕ್ಷಣ ಒದ್ದಾಡಿದ. ನಿಜ ಹೇಳಿದರೆ ಚುಕ್ಕಾಣಿ ಹೋಗುತ್ತದೆ.

"ಎಲ್ಲಾ ನಿಮ್ಮ ಬೀಜದ ಗುಣ, ಮಗಳೆ," ಎಂದ.

ಮಧ್ಯಾಹ್ನ ದೋಣಿ ಹತ್ತಿಳಿಯುವ ಕಡವಿಗೆ ಹೋದಾಗ ಫುಂಗಮ್ಮ ಎದುರುಗೊಂಡು ಬಂದಳು. ಅವಳ ಮುಖ ತುಂಬ ನಗು.

"ಡಾಕ್ಟರಮ್ಮ ಎಲ್ಲಾ ಹೇಳಿದ್ಲು ಕಣೋ. ಹೇಳ್ತಾ ಹೇಳ್ತಾ ಅತ್ತೇಬಿಟ್ಲು."

"ಹಾಗಾದ್ರೆ ದೋಣಿ ಬಿಡ್ಲಾ ಅಮ್ಮಾ?"

"ದೋಣಿಯೇ? ದೋಣಿ ಯಾರು ಬೇಕಾದ್ರೂ ಬಿಡ್ತಾರೆ. ಇಷ್ಟು ದಿನ ನಿನ್ನಂಥ ಮನುಷ್ಯನ್ನ ಹಿಂದೆ ನಿಲ್ಲಿಸಿ ಹಾಳು ಮಾಡ್ದೆನಲ್ಲ. ಚುಕ್ಕಾಣಿ ನಮ್ಮಣ್ಣನ ಮಗ ಹಿಡ್ಕೊಂಡಿದ್ದಾನೆ. ನೀನು ಇಲ್ಲಿ ಈ ಬೆಂಚಿನ ಮೇಲೆ ಕೂತ್ಕೋ. ಸಾಲಲ್ಲಿ ನುಗ್ಗೋರು, ಕುಡಿದು ಬರೋರು, ಜಗಳ, ದೂರು, ಇನ್ಮೇಲೆ ಎಲ್ಲಾ ನಿನ್ನ ಹತ್ರ."

"ಅಮ್ಮಾ, ನನಗೆ ಅಷ್ಟು ತಾಳ್ಮೆ ಇಲ್ಲ."

"ನೋಡು, ವಿನಯವೂ ಬಂದಿದೆ."

"ನಿಜವಾಗ್ಲೂ, ಈಗಲೇ ಸಿಟ್ಟು ಬರ್ತಾ ಇದೆ."

ಫುಂಗಮ್ಮ ಅವನ ಮುಖವನ್ನು ದಿಟ್ಟಿಸಿದಳು. ಬೆಳಗಿನಿಂದ ಹಿಡಿದಿಟ್ಟ ಆ ಶಾಂತಿ ಭಯಕ್ಕೋ ಏನೋ ಇನ್ನೂ ಅಂಟಿಕೊಂಡೇ ಇತ್ತು. "ಹಾಸ್ಯವನ್ನೂ ಎಷ್ಟು ತಣ್ಣಗೆ ಮಾಡ್ತೀಯಪ್ಪ," ಎಂದು ಅವಳು ನಗುತ್ತ ಹೊರಟುಹೋದಳು.

ದೋಣಿ ವಾಲಾಡುತ್ತ, ವಕ್ರವಕ್ರವಾಗಿ ನಡುನೀರಿಗೆ ಸಾಗಿತು. ತಾಮ್ ಬೆಂಚಿನ ಮೇಲೆ ಕೂತ. ಆಗಲೇ ಇಬ್ಬರು ಒಬ್ಬರ ಕೊರಳಪಟ್ಟಿ ಒಬ್ಬರು ಹಿಡಿದುಕೊಂಡು ಅವನ ಕಡೆಗೇ ಬರುತ್ತಿದ್ದರು.